ಮೂರು ಸಲ ಅಳೆಯುವ ಅಣ್ಣಾ

ಕಳೆದ ತಿಂಗಳು ಬೀದರಿನಿಂದ ಅಣ್ಣಾನ ಹೆಂಡತಿ, ನಮ್ಮ ವೈನಿ, ಫೋನ್ ಮಾಡಿದರು. ಅಣ್ಣಾ ತೀರಿಕೊಂಡು ಆಗಲೇ ಒಂಬತ್ತು ದಿನವಾಗಿತ್ತು. “ನಿಮಗ ಅವತ್ತೇ ತಿಳಸಬೇಕಿತ್ರಿ, ಕೈಕಾಲೇ ಆಡಲಿಲ್ಲ,” ಎಂದರು. ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಹೇಳಲು ನಾಚಿಕೆಯಾಗುತ್ತದೆ. ಆದರೆ ಆ ಮನುಷ್ಯನ ವಿಷಯದಲ್ಲಿ ನನಗೆ ಯಾವಾಗಲೂ ಮೊದಲು ಬರುತ್ತಿದ್ದದ್ದು ಸಿಟ್ಟೇ. ನನ್ನ ಹರೆಯದ ಭಾನುವಾರಗಳಲ್ಲಿ ಅರ್ಧದಷ್ಟನ್ನು ತಿಂದು ಹಾಕಿದವರು ಅವರು.

ಹೆಸರು ಬರೆಯುವುದಿಲ್ಲ. ಬರೆದರೆ ಇನಿಶಿಯಲ್ಲಿನ ಪಕ್ಕದ ಚುಕ್ಕೆ ಎಲ್ಲಿ ಹೋಯಿತು ಎಂದು ಕೇಳುವ ಪೈಕಿ. ಅದೂ ಅಲ್ಲದೆ ಆಫೀಸಿನಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮಹಾರಾಷ್ಟ್ರದ ಯಾವುದೇ ಕಚೇರಿಗೆ ಕನ್ನಡ ಮಾತನಾಡುವ ಗಂಡಸು ವರ್ಗವಾಗಿ ಬಂದರೆ ಮೂರನೇ ದಿನಕ್ಕೆ ಅವನು ‘ಅಣ್ಣಾ’ ಆಗಿರುತ್ತಾನೆ. ನಾನು ನಾಸಿಕದ ಶಾಖೆಗೆ ಹೋಗುವ ಹೊತ್ತಿಗೆ ಆ ಪದವಿಯನ್ನು ಅವರು ಹಿಡಿದಾಗಿತ್ತು. ಹಾಗಾಗಿ ನಾನು ‘ಛೋಟಾ ಅಣ್ಣಾ’ ಆದೆ. ನಾವಿಬ್ಬರೂ ಒಂದೇ ಬ್ಯಾಂಕಿನವರು. ಅವರು ನನಗಿಂತ ಹದಿನೇಳು ವರ್ಷ ದೊಡ್ಡವರು. ಶಾಖೆಗಳಿಗೆ ಕಂಪ್ಯೂಟರ್ ಕೂರಿಸುವ ವಿಭಾಗದಲ್ಲಿದ್ದರು. ಅವರು ಬೀದರ ಕಡೆಯವರು, ನಾನು ಗದಗಿನವನು. ಅವರ ಮನೆಯ ಮೇಲಿನ ಮಹಡಿ ಖಾಲಿಯಿತ್ತು. ಅಲ್ಲೇ ನಾನು, ನನ್ನ ಹೆಂಡತಿ ಸುಮಾ, ವರ್ಷದ ಕೂಸು ಮುಕ್ತಾ ಬಂದು ಇಳಿದೆವು. ಆ ಮನೆಯನ್ನು ಹಿಡಿದದ್ದು ತಪ್ಪಾಯಿತೆಂದು ನನಗೆ ಮೊದಲ ಭಾನುವಾರವೇ ಗೊತ್ತಾಯಿತು.

ಬೆಳಿಗ್ಗೆ ಎಂಟಕ್ಕೆ ಕೆಳಗಿನಿಂದ ಕೂಗು ಬಂತು. “ಏನ್ರೀ, ಐದ ಮಿನಿಟ್ ಕೆಳಗ ಬರ್ತೀರೇನು?”

ಹೋದೆ. ಬನಿಯನ್ ಮೇಲೆ, ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡು ನಿಂತಿದ್ದರು. ಬ್ಯಾಂಕಿನ ಕ್ರೀಡಾಕೂಟದಲ್ಲಿ ಓಟದ ಪಂದ್ಯಕ್ಕೆ ತಂದದ್ದು, ಯಾರೂ ವಾಪಸು ಕೇಳಿರಲಿಲ್ಲ. ಅದನ್ನು ನನ್ನ ಕೊರಳಿಗೆ ಹಾಕಿದರು. “ನಾ ‘ಹೂಂ’ ಅಂದಾಗ ಒತ್ರಿ. ಮತ್ತ ‘ಬಸ್’ ಅಂದಾಗ ಒತ್ರಿ.”

ಕೋಣೆಯ ಮೂಲೆಯಲ್ಲಿ ಟಿಫಿನ್ ಕ್ಯಾರಿಯರಿನಷ್ಟು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ. ಒಳಗೆ ಎರಡು ಹಾರ್ಡ್ ಡಿಸ್ಕ್. ಅದು ಯಾವ ಒಂದು ಕಂಪ್ಯೂಟರಿಗೂ ಸೇರಿದ್ದಲ್ಲ. ಮನೆಯೊಳಗಿನ ತಂತಿಗೆ ಸೇರಿದ್ದು. ಮನೆಯ ಯಾವ ಕಂಪ್ಯೂಟರಿನಿಂದ ಬೇಕಾದರೂ ಅದರಲ್ಲಿ ಫೈಲು ಇಡಬಹುದು, ತೆಗೆಯಬಹುದು. ಮುಂಬಯಿಯಿಂದ ತರಿಸಿದ್ದರು. ಅವರ ಮನೆಯಲ್ಲಿ ಅದಕ್ಕೆ ‘ಡಬ್ಬಿ’ ಎಂದೇ ಹೆಸರು. ಡಬ್ಬಿಯ ರಟ್ಟಿನ ಮೇಲೆ ಸೆಕೆಂಡಿಗೆ ಇಷ್ಟು ವೇಗ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಅಷ್ಟು ಬರುತ್ತಿರಲಿಲ್ಲ. ಅದರ ಕಾಲುಭಾಗವೂ ಬರುತ್ತಿರಲಿಲ್ಲ. ಅವರ ಮಟ್ಟಿಗೆ ಅದು ಯಾರೋ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದಂತೆ.

“ಕಂಪ್ಯೂಟರ್ ತಾನೇ ವೇಗ ತೋರಸ್ತೈತಲ್ರಿ, ವಾಚ್ ಯಾಕ?” ಎಂದೆ.

“ಅದು ಅಂದಾಜ ಹೇಳ್ತದ್ರಿ. ನಮಗ ಅಂದಾಜ ಬ್ಯಾಡ.”

ಪರೀಕ್ಷೆಯ ಫೈಲು ವೈನಿಯ ತಮ್ಮನ ಮದುವೆಯ ವೀಡಿಯೊ. ಅದು ಕಂಪ್ಯೂಟರಿನಿಂದ ಡಬ್ಬಿಗೆ ಹೋಗಬೇಕು, ಡಬ್ಬಿಯಿಂದ ವಾಪಸು ಬರಬೇಕು. ಒಮ್ಮೆ ಹೋಗಿ ಬಂದ ಮೇಲೆ ಎರಡನ್ನೂ ಬಂದ್ ಮಾಡಿ ಮತ್ತೆ ಶುರು ಮಾಡಬೇಕು, ಯಾಕೆಂದರೆ ಯಂತ್ರ ಹಿಂದಿನದನ್ನು ನೆನಪಿನಲ್ಲಿ ಇಟ್ಟುಕೊಂಡು ಬೇಗ ಬೇಗ ಕೊಟ್ಟು ಮೋಸ ಮಾಡುತ್ತದಂತೆ. ಆಗಿನ ಕಂಪ್ಯೂಟರ್ ಶುರುವಾಗಲು ನಾಲ್ಕು ನಿಮಿಷ. ಹೀಗೆ ಮೂರು ಸಲ. “ಒಮ್ಮೆ ಅಳದ್ರ ಅದು ಅಳತಿ ಅಲ್ರಿ,” ಎಂದು ಅವರು ಹೇಳುವುದನ್ನು ನಾನು ಆ ವರ್ಷದಲ್ಲಿ ಎಷ್ಟು ಸಲ ಕೇಳಿದೆನೋ. ಅಷ್ಟರಲ್ಲಿ ವೈನಿ ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿದರೆ ಆ ಸಲದ್ದು ರದ್ದು, ವೋಲ್ಟೇಜ್ ಇಳಿದಿರಬಹುದು. ಮತ್ತೆ ಮೊದಲಿನಿಂದ.

“ನನ್ನ ತಮ್ಮನ ಮದಿವಿ ಐನೂರ ಸಲ ಹೋಗಿ ಬಂತ್ರಿ,” ಎಂದು ವೈನಿ ಬಾಗಿಲಲ್ಲಿ ನಿಂತು ನನಗೆ ಹೇಳಿದರು. “ಒಂದ ಸಲಾನೂ ಯಾರೂ ನೋಡಿಲ್ಲ.”

ನಾನು ಮಹಡಿ ಹತ್ತುವಾಗ ಹನ್ನೆರಡೂವರೆ. ಸುಮಾ ಕೂಸನ್ನು ಸೊಂಟದಲ್ಲಿಟ್ಟುಕೊಂಡು, “ಐದ ಮಿನಿಟ್ ಆತಾ?” ಎಂದಳು.

ಹೀಗೆ ಎಷ್ಟೋ ವಾರ ನಡೆಯಿತು. ವೇಗ ಸೆಕೆಂಡಿಗೆ ಹನ್ನೆರಡು ಎಂಬಿಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅವರು ಕಂಪ್ಯೂಟರಿನ ಕಾರ್ಡ್ ಬದಲಿಸಿದರು. ನಡುವಿನ ಸ್ವಿಚ್ ಬದಲಿಸಿದರು. ಡಬ್ಬಿಯನ್ನು ಮೂಲೆಯಿಂದ ಕಿಟಕಿಗೆ, ಕಿಟಕಿಯಿಂದ ದೇವರ ಗೂಡಿನ ಪಕ್ಕಕ್ಕೆ ಇಟ್ಟರು. ಪ್ರತಿ ಬದಲಿಗೂ ಮೂರು ಸಲ ಅಳತೆ, ಪ್ರತಿ ಅಳತೆಗೂ ನಾನು. ಕೊನೆಗೆ ಒಂದು ಭಾನುವಾರ ಗೋಡೆಯೊಳಗಿನಿಂದ ಬಂದ ತಂತಿಯ ತುದಿಯನ್ನು ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರು. ಒಳಗೆ ಎಂಟು ಎಳೆ ಇರಬೇಕು. ತಂತಿ ಎಳೆದವನು ನಾಲ್ಕನ್ನೇ ಜೋಡಿಸಿ ಉಳಿದ ನಾಲ್ಕನ್ನು ಮಡಚಿ ಒಳಗೆ ತುರುಕಿದ್ದ. ಎಂಟನ್ನೂ ಜೋಡಿಸಿದರು. ವೇಗ ಒಮ್ಮೆಲೇ ಮೂರು ಪಟ್ಟು ಏರಿತು.

ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ನೋಡಿದ್ರಿಲ್ಲೋ? ನಾಕು ಎಳಿ. ನಾಕ ಎಳಿ ಸಲುವಾಗಿ ಎಂಟ ತಿಂಗಳು,” ಎಂದರು. ನಾನು ಮುಗಿಯಿತು ಎಂದುಕೊಂಡೆ. “ಇನ್ನ ಸಣ್ಣ ಫೈಲಿನ ಪರೀಕ್ಷಾ ಶುರು ಮಾಡಬಹುದು,” ಎಂದರು. ನನಗೆ ಅಳು ಬರುವುದೊಂದು ಬಾಕಿ. ಒಂದು ದೊಡ್ಡ ಫೈಲು ಬೇಗ ಹೋಗುತ್ತದೆ, ಸಾವಿರ ಸಣ್ಣ ಫೋಟೊ ಒಟ್ಟಿಗೆ ಕಳಿಸಿದರೆ ಕುಂಟುತ್ತದೆ, ಅದು ಎಷ್ಟು ಕುಂಟುತ್ತದೆಂದು ಗೊತ್ತಾಗಬೇಡವೇ?

ಇದೆಲ್ಲದರ ನಡುವೆ ಡಬ್ಬಿಯೊಳಗೆ ಅವರದೆಂದು ಏನೂ ಇರಲಿಲ್ಲ. ವರ್ಷದ ಮೇಲಾದರೂ ಅದರಲ್ಲಿ ಒಂದು ಫೋಟೊ ಇಟ್ಟಿರಲಿಲ್ಲ. ಕೇಳಿದರೆ, “ಪರೀಕ್ಷಾ ಮುಗೀಲಿ,” ಎನ್ನುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಇಡಲು ಏನಿತ್ತೋ ಎಂದು ನಾನು ಒಮ್ಮೆ ಸುಮಾಳ ಮುಂದೆ ಅಂದಿದ್ದೆ. ಅಂದದ್ದಕ್ಕೆ ಆಮೇಲೆ ನನಗೇ ಕೆಡುಕೆನಿಸಿತ್ತು.

ಔರಂಗಾಬಾದಿಗೆ ನನ್ನ ವರ್ಗದ ಆರ್ಡರ್ ಬಂದಾಗ ನಾನು ಮನಸ್ಸಿನಲ್ಲೇ ಪೇಢೆ ಹಂಚಿದೆ. ಈಗ ಆ ಊರು ಛತ್ರಪತಿ ಸಂಭಾಜಿನಗರ. ಆಗ ನಮ್ಮ ಬಾಯಲ್ಲಿ ಔರಂಗಾಬಾದೇ. ನನ್ನದು ಚಿಕಲಠಾಣಾ ಶಾಖೆ, ಮನೆ ಸಿಡ್ಕೊ ಬಡಾವಣೆಯಲ್ಲಿ. ಆರು ತಿಂಗಳು ಭಾನುವಾರಗಳು ನನ್ನವಾಗಿದ್ದವು. ಆಮೇಲೆ ಒಂದು ಸಂಜೆ ಫೋನು. “ನಂಗೂ ಅಲ್ಲೇ ಆತ್ರಿ ವರ್ಗ. ನಿಮ್ಮ ಓಣ್ಯಾಗೇ ಮನಿ ಸಿಕ್ಕದ. ನಾಕ ಮನಿ ಆಚಿಗೆ.”

ಆದರೆ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬೇರೆಯದೇ ಚಿಂತೆ ಶುರುವಾಗಿತ್ತು. ಮುಕ್ತಾಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಚಪ್ಪಲಿ ತಾ ಎಂದರೆ ತರುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮಾತು ಕಲಿಸುವ ಒಬ್ಬ ಮರಾಠಿ ಹೆಣ್ಣುಮಗಳ ಬಳಿ ವಾರಕ್ಕೆರಡು ಸಲ ಕರೆದುಕೊಂಡು ಹೋಗುತ್ತಿದ್ದೆವು. ಮನೆಯಲ್ಲಿ ಒಂದೇ ಭಾಷೆ ಆಡಿರಿ, ವಾರಕ್ಕೊಂದು ಸಲ ಮಗು ಆಡುವುದನ್ನು ಹತ್ತು ನಿಮಿಷ ವೀಡಿಯೊ ಮಾಡಿರಿ, ಒಂದೂ ಕಳೆಯಬೇಡಿರಿ ಎಂದು ಆಕೆ ಹೇಳಿದ್ದರು. ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಮುಂದೆ ಹೋಗಿದೆ, ಎಲ್ಲಿ ನಿಂತಿದೆ ಎಂದು ಗೊತ್ತಾಗುತ್ತದಂತೆ. ಅದರಂತೆ ಅರವತ್ತೊಂದು ವೀಡಿಯೊಗಳಾದವು. ಮೊದಲಿನವುಗಳಲ್ಲಿ ಬರೀ ಉಸಿರು, ನಗು, ‘ಬ’ ‘ಬ’. ನಲವತ್ತನೆಯದೋ ಏನೋ, ಅದರಲ್ಲಿ ಅವಳು ಉಳ್ಳಾಗಡ್ಡಿ ಬುಟ್ಟಿಯ ಪಕ್ಕ ಕುಳಿತವಳು ತಿರುಗಿ ಸುಮಾಳನ್ನು ನೋಡಿ “ಅವ್ವಾ” ಎಂದಳು. ಸುಮಾ ಆ ವೀಡಿಯೊವನ್ನು ದಿನಕ್ಕೊಮ್ಮೆ ಹಾಕಿಕೊಂಡು ನೋಡುತ್ತಿದ್ದಳು.

ನನ್ನ ಕಂಪ್ಯೂಟರ್ ಹಳೆಯದು, ಜಾಗ ತುಂಬಿತ್ತು. ಅಣ್ಣಾನ ಡಬ್ಬಿಯಲ್ಲಿ ಇಡೋಣವೆಂದು ಸುಮಾಳೇ ಹೇಳಿದಳು. ನಾನು ಕೇಳಿದೆ. ಅವರು ಹಿಂದೆಮುಂದೆ ನೋಡಿದರು. “ಇನ್ನೊಂದ ಪರೀಕ್ಷಾ ಅದ್ರಿ.”

ನನಗೆ ತಡೆಯಲಾಗಲಿಲ್ಲ. “ಅಣ್ಣಾ, ಮೂರ ವರ್ಷದ ಮ್ಯಾಲಾತು. ಒಂದ ಉಪಯೋಗಕ್ಕಾದ್ರೂ ಬರ್ಲಿ ಬಿಡ್ರಿ ಆ ಡಬ್ಬಿ!”

ಅವರು ಅವತ್ತೇ ಎಲ್ಲ ಅರವತ್ತೊಂದನ್ನೂ ಹಾಕಿಕೊಂಡರು. ನಾನು ಮನೆಗೆ ಬಂದು ನನ್ನ ಕಂಪ್ಯೂಟರಿನಲ್ಲಿದ್ದವನ್ನು ಅಳಿಸಿದೆ. ಡಬ್ಬಿಯಲ್ಲಿ ಎರಡು ಡಿಸ್ಕುಗಳಿವೆ, ಅಂದರೆ ಎರಡು ಪ್ರತಿ ಇರುತ್ತವೆ ಎಂದು ನಾನು ತಿಳಿದಿದ್ದೆ. ಕೇಳಬೇಕಿತ್ತು, ಕೇಳಲಿಲ್ಲ. ವೇಗ ಹೆಚ್ಚಲಿ ಎಂದು ಅವರು ಪ್ರತಿ ಫೈಲನ್ನೂ ಸೀಳಿ ಅರ್ಧ ಒಂದು ಡಿಸ್ಕಿನಲ್ಲಿ, ಅರ್ಧ ಇನ್ನೊಂದರಲ್ಲಿ ಬರೆಯುವಂತೆ ಮಾಡಿದ್ದರು. ಒಂದು ಕೆಟ್ಟರೆ ಇನ್ನೊಂದರಲ್ಲಿ ಉಳಿದದ್ದು ಯಾವ ಕೆಲಸಕ್ಕೂ ಬಾರದ ಚೂರುಗಳು. ಪರೀಕ್ಷೆ ಮುಗಿದ ಮೇಲೆ ಬದಲಿಸುವ ವಿಚಾರ ಅವರದಾಗಿತ್ತು. ಹೇಳಬೇಕಿತ್ತು, ಹೇಳಲಿಲ್ಲ.

ಅದಾದ ಎರಡು ತಿಂಗಳಿಗೆ ಅವರಿಗೆ ಸಿಲ್ಲೋಡ್ ಶಾಖೆಯ ಕೆಲಸ ಬಂತು. ಹನ್ನೆರಡು ದಿನ ಅಲ್ಲೇ ಇರಬೇಕು. ವೈನಿ ತಮ್ಮನ ಮಗುವಿನ ತೊಟ್ಟಿಲಿಗೆಂದು ಬೀದರಿಗೆ ಹೋಗಿದ್ದರು. ಹೊರಡುವ ದಿನ ಬೆಳಿಗ್ಗೆ ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಬೀಗದ ಕೈ, ಸ್ಟಾಪ್‌ವಾಚ್, ಒಂದು ಉದ್ದನೆಯ ನೋಟ್‌ಬುಕ್ಕು.

“ವಾರದಿಂದ ಯಾವಾಗರ ಒಮ್ಮೆ ಓದೂದು ನಿಧಾನ ಆಗ್ಲಿಕತ್ತದ್ರಿ. ಮೂರರಾಗ ಒಂದು. ಡಿಸ್ಕ್ ಹೋಗೂದಿದ್ರ ಮೊದಲ ಹಿಂಗೇ ಮಾಡ್ತದ. ಆಗಲಿಕ್ಕೂ ಸಾಕು, ಆಗದಿರಲಿಕ್ಕೂ ಸಾಕು. ದಿನಾ ಸಂಜಿ ಮುಂದ ಆರೂವರಿಗೆ ಮೂರ ಸಲ ಅಳದು ಬರದಿಡ್ರಿ. ಬಂದ ಮ್ಯಾಲ ನೋಡ್ತೀನಿ.”

“ಆತ್ರಿ.”

“ಪ್ರತಿ ಸಲ ಬಂದ್ ಮಾಡಿ ಶುರು ಮಾಡಬೇಕು, ನೆನಪದಲ್ಲ?”

“ಐತ್ರಿ ಅಣ್ಣಾ, ಐತಿ!”

ಮೂರು ದಿನ ಮಾಡಿದೆ. ಖಾಲಿ ಮನೆಯಲ್ಲಿ, ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡು, ಅದೇ ಮದುವೆಯ ವೀಡಿಯೊ ಹೋಗುವುದನ್ನೂ ಬರುವುದನ್ನೂ ನೋಡುತ್ತ ಕುಳಿತೆ. ನಾಲ್ಕನೆಯ ದಿನ ಶಾಖೆಯಲ್ಲಿ ತ್ರೈಮಾಸಿಕದ ಕೆಲಸ ಮೈಮೇಲೆ ಬಂತು. ಮನೆಗೆ ಬಂದಾಗ ಊಟದ ಹೊತ್ತು ದಾಟಿತ್ತು. ಐದನೆಯ ದಿನವೂ ಹಾಗೇ. ಆರನೆಯ ದಿನ ಹೊತ್ತಿಗೆ ಸರಿಯಾಗಿ ಬಂದೆ, ಬೀಗದ ಕೈಯನ್ನೂ ತೆಗೆದುಕೊಂಡೆ, ಆದರೆ ಆ ಓಣಿಯಲ್ಲಿ ನಾಲ್ಕು ಮನೆ ನಡೆಯಲು ನನಗೆ ಮನಸ್ಸಾಗಲಿಲ್ಲ. ಸಿಟ್ಟು ಬಂತು. ಯಾರದೋ ಹುಚ್ಚಿಗೆ ನಾನೇಕೆ ಗಂಟೆಗಟ್ಟಲೆ ಕೂರಬೇಕು? ನೋಟ್‌ಬುಕ್ ತೆಗೆದು, ಚಹಾ ಕುಡಿಯುತ್ತ, ಬಿಟ್ಟುಹೋದ ದಿನಗಳನ್ನೂ ಸೇರಿಸಿ ಬರೆದುಬಿಟ್ಟೆ. ಒಂದು ನಿಮಿಷ ನಲವತ್ತಾರು, ನಲವತ್ತೊಂಬತ್ತು, ನಲವತ್ತೇಳು. ನಿಜವೆನಿಸಲೆಂದು ಅಲ್ಲಲ್ಲಿ ಒಂದೆರಡು ಸೆಕೆಂಡು ಏರಿಸಿದೆ, ಇಳಿಸಿದೆ. ಆಮೇಲೆ ಹನ್ನೆರಡನೆಯ ದಿನದವರೆಗೂ ಹಾಗೇ ಬರೆದೆ. ಡಬ್ಬಿಯ ಹತ್ತಿರ ಮತ್ತೆ ಹೋಗಲಿಲ್ಲ.

ಅವರು ಬಂದು ನೋಟ್‌ಬುಕ್ ತೆಗೆದು ನಿಂತಲ್ಲೇ ಓದಿದರು. ಪುಟ ತಿರುವಿದರು. ಮತ್ತೆ ಹಿಂದಿನ ಪುಟಕ್ಕೆ ಹೋದರು. “ಬರೋಬ್ಬರಿ,” ಎಂದರು. ಸ್ಟಾಪ್‌ವಾಚ್ ಇಸಿದುಕೊಂಡು ಹೋದರು. ಆ ಭಾನುವಾರ ಕರೆಯಲಿಲ್ಲ. ಮುಂದಿನ ಭಾನುವಾರವೂ ಕರೆಯಲಿಲ್ಲ. ನಾನು ಹಾಯಾಗಿದ್ದೆ.

ಹದಿನೈದು ದಿನಕ್ಕೆ ಡಬ್ಬಿ ಸತ್ತಿತು. ಮಾತು ಕಲಿಸುವಾಕೆ ಹಳೆಯ ವೀಡಿಯೊಗಳನ್ನು ತರಲು ಹೇಳಿದ್ದರು. ನಾನೂ ಸುಮಾಳೂ ಅಣ್ಣಾನ ಮನೆಗೆ ಹೋಗಿ ಕುಳಿತಿದ್ದೆವು. ಅವರು ಗುಂಡಿ ಒತ್ತಿದರು. ಒಳಗೆ ಟಿಕ್ ಟಿಕ್ ಎಂದು ಸದ್ದು ಬಂತು, ನಿಂತಿತು, ಮತ್ತೆ ಬಂತು. ಕೆಂಪು ದೀಪ ಹತ್ತಿತು. ಅವರು ಡಬ್ಬಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಎದ್ದು ನಿಂತಾಗ ಅವರ ಮುಖ ನೋಡಿ ನಾನು ನೆಲ ನೋಡಿದೆ.

“ಏನಾತ್ರಿ?” ಎಂದಳು ಸುಮಾ.

“ತಪ್ಪು ನಂದವ್ವಾ,” ಎಂದರು. ಎರಡು ಡಿಸ್ಕಿನ ವಿಷಯ ಹೇಳಿದರು. ಎಲ್ಲವನ್ನೂ ಬಿಡಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಬಾಯಿ ತೆರೆಯಬಹುದಾಗಿದ್ದ ಹೊತ್ತು ಅದು. ನನ್ನ ಅಂಕಿ ನಿಜವಾಗಿದ್ದರೆ ಅವರಿಗೆ ಹದಿನೈದು ದಿನ ಮೊದಲೇ ಗೊತ್ತಾಗುತ್ತಿತ್ತು, ಎಲ್ಲವನ್ನೂ ತೆಗೆದಿಡುತ್ತಿದ್ದರು. ನಾನು ಸುಮ್ಮನಿದ್ದೆ.

ಸುಮಾ ಅಳಲಿಲ್ಲ. “ವೇಗ, ವೇಗ, ವೇಗ,” ಎಂದಳು ಅವರನ್ನೇ ನೋಡುತ್ತ. “ಯಾವ ಊರಿಗೆ ಹೋಗೂದಿತ್ರಿ ನಿಮ್ಮ ಡಬ್ಬಿ?” ಎದ್ದು ಹೊರಟುಹೋದಳು. ಬಾಗಿಲಲ್ಲಿ ವೈನಿ ಅವಳ ಕೈ ಹಿಡಿದರು. ಬಿಡಿಸಿಕೊಂಡಳು.

ಪುಣೆಯಲ್ಲಿ ಕೆಟ್ಟ ಡಿಸ್ಕಿನಿಂದ ಫೈಲು ಎತ್ತಿ ಕೊಡುವವರಿದ್ದರು. ಅಣ್ಣಾ ರಜೆ ಹಾಕಿ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದರು. ಅರವತ್ತೊಂದರಲ್ಲಿ ಇಪ್ಪತ್ತಮೂರು ಸಿಕ್ಕವು. ಕೆಲವು ನಡುವೆ ನಿಂತು ಬಣ್ಣಬಣ್ಣದ ಚೌಕಗಳಾಗುತ್ತಿದ್ದವು. ಉಳ್ಳಾಗಡ್ಡಿ ಬುಟ್ಟಿಯದು ಸಿಗಲಿಲ್ಲ. ಮಾತು ಕಲಿಸುವಾಕೆ, “ಹುಡುಗಿಯೇ ಎದುರಿಗಿದ್ದಾಳಲ್ಲ, ಇನ್ನು ಮುಂದಿನದು ಮಾಡಿ,” ಎಂದು ಸಮಾಧಾನ ಹೇಳಿದರು. ಸುಮಾ ತಲೆಯಾಡಿಸಿದಳು. ಮನೆಗೆ ಬಂದು ಸಿಕ್ಕ ಇಪ್ಪತ್ತಮೂರನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದಳು, ಎಲ್ಲಾದರೂ ಆ ಒಂದು ಮಾತು ಸೇರಿಕೊಂಡಿದೆಯೇನೋ ಎಂಬಂತೆ.

ಅವತ್ತಿನಿಂದ ಅವಳು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ವೈನಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದಳು. ಇಡೀ ಓಣಿಯಲ್ಲಿ ಕನ್ನಡ ಆಡುವ ಹೆಂಗಸರು ಅವರಿಬ್ಬರೇ. ವೈನಿ ಎರಡು ಸಲ ಶೇಂಗಾ ಹೋಳಿಗೆ ಕಳಿಸಿದರು. ಎರಡೂ ಸಲ ಡಬ್ಬ ಹಾಗೇ ವಾಪಸು ಹೋಯಿತು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಓಣಿಯ ಮರಾಠಿ ಹೆಂಗಸರನ್ನೆಲ್ಲ ಕರೆದವಳು ನಾಲ್ಕನೇ ಮನೆಯನ್ನು ಬಿಟ್ಟಳು. ನಾನು ನೋಡುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ದಿನ ಕಳೆದಷ್ಟೂ ಹೇಳುವುದು ಕಠಿಣವಾಯಿತು.

ಅಣ್ಣಾ ಮಾತ್ರ ಬರುತ್ತಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಹೊಸ ಕ್ಯಾಮೆರಾ ಹಿಡಿದು ಬಂದು ಮುಕ್ತಾಳ ಎದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಮಾತು ಕಲಿಸುವಾಕೆಗೆ ವೀಡಿಯೊ ಬೇಕಿತ್ತಾದ್ದರಿಂದ ಸುಮಾ ಬೇಡ ಎನ್ನಲಿಲ್ಲ. ಅವರ ಮುಂದೆ ಒಂದು ಲೋಟ ನೀರಿಟ್ಟು ತಾರಸಿಗೆ ಹೋಗಿ ಅವರು ಹೋಗುವವರೆಗೆ ಬಟ್ಟೆ ಮಡಚುತ್ತ ನಿಲ್ಲುತ್ತಿದ್ದಳು. ಅವರು ಪ್ರತಿ ವೀಡಿಯೊಗೂ ಮೂರು ಪ್ರತಿ ಮಾಡಿ ಒಂದು ನನ್ನ ಮನೆಯಲ್ಲಿ, ಒಂದು ಅವರ ಮನೆಯಲ್ಲಿ, ಒಂದು ನನ್ನ ಆಫೀಸಿನ ಡ್ರಾವರಿನಲ್ಲಿ ಇರಿಸಿದರು. ಡ್ರಾವರಿನದು ಅಲ್ಲೇ ಇದೆಯೋ ಇಲ್ಲವೋ ಎಂದು ಸೋಮವಾರ ಫೋನ್ ಮಾಡಿ ಕೇಳುತ್ತಿದ್ದರು. ಆಫೀಸಿನವರ ಎದುರು ನನಗೆ ಮೈಯೆಲ್ಲ ಉರಿಯುತ್ತಿತ್ತು. “ಐತ್ರಿ ಅಣ್ಣಾ, ಯಾರೂ ಒಯ್ದಿಲ್ಲ!” ಎಂದು ಒದರುತ್ತಿದ್ದೆ. ಒದರಿದ ಮೇಲೆ ಅವರ ಮೇಲಲ್ಲ, ನನ್ನ ಮೇಲೇ ಕೋಪ ಬರುತ್ತಿತ್ತು.

ಒಂದು ಮಾತ್ರ ನಿಂತುಹೋಗಿತ್ತು. ಅವರು ಏನನ್ನೂ ಅಳೆಯುತ್ತಿರಲಿಲ್ಲ. ಕೊರಳಲ್ಲಿ ಸ್ಟಾಪ್‌ವಾಚ್ ಕಾಣಲಿಲ್ಲ. ಹಾಲಿನವನ ಜೊತೆ ಮಾಪಿನ ಜಗಳವಿಲ್ಲ, ಆಟೋದವನ ಮೀಟರ್ ನೋಡುವುದಿಲ್ಲ. ಯಾವ ಕಾಟ ತಪ್ಪಲಿ ಎಂದು ಮೂರ್ನಾಲ್ಕು ವರ್ಷ ಬೇಡಿಕೊಂಡಿದ್ದೆನೋ ಅದು ತಪ್ಪಿತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ನನಗೆ ತಾನಾಗಿ ಎಚ್ಚರವಾಗುತ್ತಿತ್ತು. ಮಲಗಿಯೇ ಇರುತ್ತಿದ್ದೆ.

ಮುಕ್ತಾಳಿಗೆ ಮಾತು ಬಂತು. ತಡವಾಗಿ ಬಂದರೂ ಬಂತು. ಕನ್ನಡ, ಮರಾಠಿ, ಹಿಂದಿ ಕೂಡಿಸಿ ತನ್ನದೇ ಒಂದು ಭಾಷೆ ಮಾಡಿಕೊಂಡಳು. “ಅಣ್ಣಾ, ಇವತ್ತ ಶೂಟಿಂಗ್ ನಕೋ, ನಂದ ಹೋಮ್‌ವರ್ಕ್ ಅದ,” ಎಂದು ಅವರಿಗೇ ಹೇಳುವಷ್ಟಾದಳು. ‘ಅದ’ ಎನ್ನುವುದು ಬೀದರಿನ ಮಾತು. ನಮ್ಮ ಮನೆಯಲ್ಲಿ ಎಲ್ಲರೂ ‘ಐತಿ’ ಎನ್ನುವವರು. ಆ ಮಾತು ಕೇಳಿದಾಗಲೆಲ್ಲ ಸುಮಾ ತುಟಿ ಬಿಗಿಹಿಡಿಯುತ್ತಿದ್ದಳು, ತಿದ್ದುತ್ತಿರಲಿಲ್ಲ.

ಹೀಗೆ ಐದು ವರ್ಷ. ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮರಾಠಿಯವರು ಒಬ್ಬರ ಮೇಲೊಬ್ಬರು ಎದ್ದು ಅಣ್ಣಾನ ಶಿಸ್ತು, ಅಣ್ಣಾನ ಕರಾರುವಾಕ್ಕು ಎಂದು ಹೊಗಳಿದರು. ಸುಮಾ ಬಂದಿರಲಿಲ್ಲ. ನನ್ನನ್ನು ಮಾತಾಡಲು ಕರೆದರು. ನಾನು ಎದ್ದು ಎರಡು ಸಾಲು ಹೇಳಿ ಕುಳಿತೆ. ಹಾರ, ಶಾಲು, ತೆಂಗಿನಕಾಯಿ ಹಿಡಿದುಕೊಂಡು ಅವರನ್ನು ಮನೆ ಮುಟ್ಟಿಸುವ ಕೆಲಸ ನನಗೆ ಬಿತ್ತು. ಬೀದರಿಗೆ ಸಾಮಾನು ಸಾಗಿಸುವ ಲಾರಿ ಮರುದಿನ ಬೆಳಿಗ್ಗೆ ಬರುವುದಿತ್ತು. ಅವರ ಮನೆಯ ಕಟ್ಟೆಯ ಮೇಲೆ ತೆಂಗಿನಕಾಯಿ ಇಟ್ಟು, “ಅಣ್ಣಾ, ಒಂದ ಮಾತು ಹೇಳೂದೈತ್ರಿ,” ಎಂದೆ. ಹೇಳಿದೆ. ನಿಂತುಕೊಂಡೇ, ಒಂದೇ ಉಸಿರಿಗೆ.

“ಗೊತ್ತದ್ರಿ,” ಎಂದರು.

“ಏನು?”

“ಅವತ್ತೇ ಗೊತ್ತಾತು. ಶುಕ್ರವಾರ ನಾಕರಿಂದ ಎಂಟರ ತನಕ ಓಣಿಗೆ ಲೋಡ್‌ಶೆಡ್ಡಿಂಗ್ ಇತ್ತು. ಕರೆಂಟ್ ಹೋದದ್ದು ಬಂದದ್ದು ಎಲ್ಲಾ ಡಬ್ಬಿ ತನ್ನೊಳಗ ತಾನೇ ಬರಕೋತದ. ನೀವು ಆರೂವರಿಗೆ ಮೂರ ರೀಡಿಂಗ್ ಬರದೀರಿ.”

ನನ್ನ ಕಿವಿ ಬಿಸಿಯಾಯಿತು. “ಮತ್ತ ಯಾಕ ಸುಮ್ನಿದ್ರಿ? ಕೇಳಬೇಕಿಲ್ಲೇನ್ರಿ? ಬೈಬೇಕಿಲ್ಲೇನು?”

“ಸಿಟ್ಟ ಬಂದಿತ್ತು,” ಎಂದರು. ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. “ಬ್ಯಾಸರ ಬಂದಿದ್ರ ಬ್ಯಾಸರ ಬಂದದ ಅನಬೇಕಿತ್ತು ನೀವು. ಸುಳ್ಳ ಬರದ್ರಲ್ಲ ಅಂತ ಸಿಟ್ಟು. ನಾನೇ ಕೂತು ಮತ್ತ ಅಳೀಬಹುದಿತ್ತು. ಅಳೀಲಿಲ್ಲ. ಹದಿನೈದ ದಿನ ಡಬ್ಬಿ ಮುಟ್ಟಲಿಲ್ಲ. ಅದರಾಗ ಕೂಸಿಂದು ಅದ ಅಂತ ಗೊತ್ತಿದ್ದೂ ಮುಟ್ಟಲಿಲ್ಲ. ಅದಕ್ಕೇ ತಪ್ಪ ನಂದು ಅಂದೆ. ನಿಮ್ಮನ್ನ ಉಳಸ್ಲಿಕ್ಕ ಅಂದದ್ದಲ್ಲ.”

ಐದು ವರ್ಷ ನಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡದ್ದನ್ನು ಈ ಮನುಷ್ಯ ಆ ಬದಿಯಿಂದ ಹೊತ್ತಿದ್ದ. ಒಂದು ಮಾತು ಹೇಳಿರಲಿಲ್ಲ. ನನಗೆ ಅವರ ಭುಜ ಹಿಡಿದು ಅಲುಗಿಸಬೇಕೆನಿಸಿತು.

“ಹಾಂಗಾರ ಅರ್ಧ ನಂದು, ಅರ್ಧ ನಿಮ್ಮದು,” ಎಂದೆ.

“ಅದನ್ನ ಅಳೀಲಿಕ್ಕ ಬರೂದಿಲ್ರಿ,” ಎಂದರು. ಆಮೇಲೆ ಕೇಳಿದರು, “ನಿಮ್ಮ ಮನ್ಯಾಗ ಹೇಳೀರೇನು?”

“ಇಲ್ಲ.”

“ಹೇಳ್ರಿ. ನಾವು ನಾಳಿ ಹೋಗ್ತೀವಿ.”

ಸುಮಾ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ನಾನು ಎದುರಿಗೆ ಕುಳಿತು ಹೇಳಿದೆ. ಮೂರು ದಿನ ಅಳೆದದ್ದು, ಚಹಾ ಕುಡಿಯುತ್ತ ಬರೆದದ್ದು, ಡಬ್ಬಿ ಸತ್ತ ದಿನ ಸುಮ್ಮನಿದ್ದದ್ದು. ಅವಳು ಕೈಯಲ್ಲಿದ್ದ ಕಡ್ಡಿಯನ್ನು ತಟ್ಟೆಗೆ ಹಾಕಿದಳು.

“ಐದ ವರ್ಷ,” ಎಂದಳು. “ಐದ ವರ್ಷ ನಾ ವೈನಿ ಮಾರಿ ನೋಡಿಲ್ಲ. ನೀವು ನೋಡಕೋತ ಕೂತ್ರಿ.”

ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಚಪ್ಪಲಿ ಮೆಟ್ಟದೆ ಹೊರಗೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ. “ಕಾಯ್ ಝಾಲಂ ಪಪ್ಪಾ?” ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳುತ್ತ ಮುಕ್ತಾ ನನ್ನ ಹಿಂದೆ.

ಆ ಮನೆಯ ನಡುಕೋಣೆಯ ತುಂಬ ರಟ್ಟಿನ ಪೆಟ್ಟಿಗೆಗಳು. ವೈನಿ ನ್ಯೂಸ್ ಪೇಪರಿನಲ್ಲಿ ಗಾಜಿನ ಲೋಟಗಳನ್ನು ಸುತ್ತುತ್ತ ನೆಲದ ಮೇಲೆ ಕುಳಿತಿದ್ದರು. ಸುಮಾಳನ್ನು ನೋಡಿ ಕೈ ನಿಲ್ಲಿಸಿದರು.

“ವೈನಿ, ಅದು ಇವರು ಮಾಡಿದ್ದಂತ,” ಎಂದಳು ಸುಮಾ. “ಅಳೀದನ ಸುಳ್ಳ ಬರದಿದ್ರಂತ.”

“ಗೊತ್ತದವ್ವಾ. ನಮ್ಮವರು ಹೇಳಿದ್ರು.”

“ನಿಮಗ ಗೊತ್ತಿತ್ತು? ಗೊತ್ತಿದ್ದೂ ನನ್ನ ಕಡಿಂದ ಇಷ್ಟ ಅನಸ್ಕೊಂಡ್ರಿ? ಒಂದ ಮಾತ ಹೇಳಿದ್ರ ಏನಾಗ್ತಿತ್ರಿ?”

ವೈನಿ ಕೈಯಲ್ಲಿದ್ದ ಲೋಟವನ್ನು ಪೂರ್ತಿ ಸುತ್ತಿ ಪೆಟ್ಟಿಗೆಗೆ ಇಳಿಸಿದರು. “ಹೇಳಿದ್ರ ನೀ ಗಂಡನ ಕೂಡ ಮಾತ ಬಿಡತಿದ್ದಿ. ಆಗ ನಿನಗ ಕೂಸಿಂದೊಂದು ಚಿಂತಿ ಇತ್ತು, ಮತ್ತ ಇದೊಂದು ಆಗ್ತಿತ್ತು. ನನ್ನ ಕೂಡ ಬಿಟ್ಟಿ, ನಾಕ ಮನಿ ಆಚಿಗಿನಕಿ ನಾ. ನಡೀತದ.”

ಸುಮಾ ಪೆಟ್ಟಿಗೆಗಳನ್ನು ದಾಟಿ ಹೋಗಿ ವೈನಿಯ ಪಕ್ಕ ನೆಲಕ್ಕೆ ಕುಳಿತು, ಒಂದು ಹಾಳೆ ಎಳೆದುಕೊಂಡು, ಒಂದು ಲೋಟ ಎತ್ತಿಕೊಂಡಳು. ಹಾಳೆಯ ಮೇಲೆ ಕಣ್ಣೀರು ಬೀಳುತ್ತಿತ್ತು. ಒದ್ದೆಯಾದ ಹಾಳೆಯನ್ನು ವೈನಿ ಅವಳ ಕೈಯಿಂದ ತೆಗೆದುಕೊಂಡು ಒಣಗಿದ್ದು ಕೊಟ್ಟರು.

ನಾನು ಹೊಸ್ತಿಲಲ್ಲೇ ಇದ್ದೆ. ಅಣ್ಣಾ ಕಟ್ಟೆಯಿಂದ ಎದ್ದು ಬಂದು ನನ್ನ ಪಕ್ಕ ನಿಂತು ಒಳಗೆ ಒಮ್ಮೆ ನೋಡಿದರು. “ಇಲ್ಲಿ ನಿಮ್ಮದೇನ ಕೆಲಸಿಲ್ರಿ,” ಎಂದರು ಮೆಲ್ಲಗೆ. “ನಮ್ಮ ಒಲಿ ಬಿಚ್ಚಿ ಕಟ್ಯಾರ. ಮನಿಗಿ ಹೋಗಿ ಅಡಗಿಗಿಡ್ರಿ.”

ಮುಕ್ತಾಳ ಕೈ ಹಿಡಿದು ಮನೆಗೆ ಬಂದೆ. ಅರ್ಧ ಬಿಡಿಸಿದ ಮೆಂತ್ಯದ ಸೊಪ್ಪು ತಟ್ಟೆಯಲ್ಲಿ ಹಾಗೇ ಇತ್ತು. ಅದನ್ನು ಮುಕ್ತಾಳ ಮುಂದೆ ಇಟ್ಟು, ಐದು ಜನರಿಗಾಗುವಷ್ಟು ಅಕ್ಕಿ ತೊಳೆದೆ.